ಆವ್ರೊ ವಿಮಾನದ ಚಿತ್ರಕಾರ್ಡುಗಳು



ರೇಡಿಯೋದವರ ಸಂಚಿಕೆಯಲ್ಲಿ ಚಿತ್ರಕಾರ್ಡುಗಳ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ಈ ಕಥೆ ಶುರುವಾಗುವುದು ಒಂದು ಸದ್ದಿನಿಂದ. 1960–70ರ ದಶಕಗಳಲ್ಲಿ ಪಲ್ಲಾವರಂ, ನಂಗನಲ್ಲೂರು, ಆಲಂದೂರು ಕಡೆ ವಾಸವಿದ್ದ ಹಿರಿಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಮೀನಂಬಾಕ್ಕಂ ನಿಲ್ದಾಣದಲ್ಲಿ ವಿಮಾನ ಎಂಜಿನ್ ಚಾಲೂ ಮಾಡಿದಾಗ ಸಣ್ಣಗೆ, ತೀಕ್ಷ್ಣವಾಗಿ, ಕಿವಿಯೊಳಗೆ ಸೂಜಿ ತೂರಿಸಿದ ಹಾಗೆ ಏರುತ್ತಾ ಹೋಗುವ ಒಂದು ಸಿಳ್ಳೆ ಕೇಳಿಸುತ್ತಿತ್ತು. ರೋಲ್ಸ್ ರಾಯ್ಸ್ ಕಂಪನಿಯ 'ಡಾರ್ಟ್' ಎಂಬ ಎಂಜಿನ್ನಿನ ದನಿ ಅದು. ವೈಕೌಂಟ್, ಫಾಕರ್ ಫ್ರೆಂಡ್‌ಶಿಪ್, ಆವ್ರೊ, ಈ ಮೂರು ವಿಮಾನಗಳಿಗೂ ಅದೇ ಎಂಜಿನ್. ಒಂದೇ ರಾಗವನ್ನು ಮೂವರು ಹಾಡಿದ ಹಾಗೆ!

ಈ ಮೂರಕ್ಕೂ 'ಟರ್ಬೊಪ್ರಾಪ್' ಎಂದು ಹೆಸರು. ಒಳಗಿರುವುದು ಜೆಟ್ ಜಾತಿಯದೇ ಎಂಜಿನ್, ಆದರೆ ಅದರ ಶಕ್ತಿಯಲ್ಲಿ ಬಹುಪಾಲು ಮುಂದಿನ ಪ್ರೊಪೆಲರನ್ನು ತಿರುಗಿಸುವುದಕ್ಕೇ ಹೋಗುತ್ತದೆ. ಇಂಧನ ಕಡಿಮೆ ಸಾಕು, ಚಿಕ್ಕ ರನ್‌ವೇ ಸಾಕು. ದೊಡ್ಡ ಜೆಟ್‌ಗಳು ಹೋಗಲಾಗದ ಊರುಗಳಿಗೆ ಹೋಗುವುದೇ ಇವುಗಳ ಕೆಲಸ. ಆ ಕಾಲದ ಮೂರರಲ್ಲಿ ಯಾವುದರಲ್ಲೂ ನಮ್ಮ ದೇಶದಲ್ಲಿ ನೀವು ಈಗ ಟಿಕೆಟ್ ತೆಗೆದುಕೊಂಡು ಕೂರಲಾರಿರಿ. ಪ್ರಯಾಣಿಕರನ್ನು ಹೊತ್ತ ಆ ವಿಮಾನಗಳಲ್ಲಿ ಬಹಳಷ್ಟು ಗುಜರಿಗೆ ಹೋಗಿ ಪಾತ್ರೆ ಪಗಡವಾದವು. ಕೆಲವರ ಮನೆಯ ಟ್ರಂಕಿನ ತಳದಲ್ಲಿ ಉಳಿದದ್ದು ಅಂಗೈಯಗಲದ ಬಣ್ಣದ ಕಾರ್ಡುಗಳು. ಅವುಗಳ ಹಿಂದೆ ಬಿದ್ದವರಲ್ಲಿ ನಾನೂ ಒಬ್ಬ. ಅದರಲ್ಲೂ ಆವ್ರೊ ಕಾರ್ಡು ಎಂದರೆ ನನಗೆ ಸ್ವಲ್ಪ ಹೆಚ್ಚೇ ಹುಚ್ಚು.

ಮದರಾಸಿಗೂ ವಿಮಾನಕ್ಕೂ ನಂಟು ಹಳೆಯದು. ಮೌಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದ ಜಿಯಾಕೊಮೊ ಡಿ'ಏಂಜೆಲಿಸ್ ಎಂಬಾತ ಸಿಂಪ್ಸನ್ ಕಂಪನಿಯವರಿಂದ ಒಂದು ವಿಮಾನ ಕಟ್ಟಿಸಿ 1910ರ ಮಾರ್ಚ್‌ನಲ್ಲಿ ಇಲ್ಲೇ ಹಾರಿಸಿ ತೋರಿಸಿದ. ತಮಾಷೆಯೆಂದರೆ, ಆವ್ರೊ ಎಂಬ ಹೆಸರಿನ ಮೂಲವಾದ ಎ. ವಿ. ರೋ ಕಂಪನಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದೂ ಅದೇ 1910ರಲ್ಲಿ. ಅಲ್ಲಿ ಕಂಪನಿ ಬೆಳೆಯಿತು, ಇಲ್ಲಿ ಹೋಟೆಲಿನವರು ಹೋಟೆಲು ನೋಡಿಕೊಂಡರು. ಹೋಟೆಲಿನವರು ಎಂದರೆ ಮದರಾಸಿನಲ್ಲಿ ನಮ್ಮ ಉಡುಪಿಯವರೇ ಎಂದುಕೊಳ್ಳುವ ಅಭ್ಯಾಸ ನಮಗೆ. ಈತ ಮಾತ್ರ ಅವರಿಗಿಂತ ಮುಂಚಿನವನು.

ಇನ್ನು 1932ರ ಅಕ್ಟೋಬರ್ 15. ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಟಪಾಲು ಹೊತ್ತು ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಬಂದ ಸಂಗತಿ ಎಲ್ಲರಿಗೂ ಗೊತ್ತು. ಆ ಟಪಾಲು ಅಲ್ಲಿಗೇ ನಿಲ್ಲಲಿಲ್ಲ. ಮುಂಬಯಿಯಿಂದ ಮುಂದಕ್ಕೆ ಅದನ್ನು ಹಾರಿಸಿಕೊಂಡು ಬಂದವರು ನೆವಿಲ್ ವಿನ್ಸೆಂಟ್. ಮಾರ್ಗದಲ್ಲಿ ಅವರು ತಂಗಿದ್ದು ಎಲ್ಲಿ ಗೊತ್ತೇ? ನಮ್ಮ ಬಳ್ಳಾರಿಯಲ್ಲಿ! ಅಲ್ಲಿಂದ ಮರುದಿನ ಮದರಾಸು. ಹೀಗೆ ಈ ನಗರಕ್ಕೆ ಕ್ರಮಬದ್ಧ ವಿಮಾನ ಟಪಾಲು ಬಂದದ್ದೇ ಕನ್ನಡ ನಾಡಿನ ಒಂದು ಊರನ್ನು ಮುಟ್ಟಿಕೊಂಡು. ಕಾರ್ಡು ಸಂಗ್ರಹಿಸುವವರಿಗೆ ಇದು ಒಳ್ಳೆಯ ಶಕುನ ಅಂತ ನಾನು ತಿಳಿದಿದ್ದೇನೆ.

1953ರ ಆಗಸ್ಟ್ 1ರಂದು ಎಂಟು ಖಾಸಗಿ ಸಂಸ್ಥೆಗಳನ್ನು ಒಟ್ಟುಗೂಡಿಸಿ ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ ಶುರುವಾಯಿತು. ಆಗ ಕೈಯಲ್ಲಿದ್ದದ್ದು ಬಹುಪಾಲು ಡಕೋಟಾಗಳು, ಯುದ್ಧಕಾಲದ ಉಳಿಕೆ. ಡಕೋಟಾ ಗಟ್ಟಿ ಮುಟ್ಟಾದ ವಿಮಾನ, ಅನುಮಾನವಿಲ್ಲ. ಆದರೆ ಒಳಗಿನ ಗಾಳಿಯ ಒತ್ತಡ ಕಾಯ್ದುಕೊಳ್ಳುವ ವ್ಯವಸ್ಥೆ ಅದಕ್ಕಿಲ್ಲ. ಹಾಗಾಗಿ ಮೋಡದ ಮೇಲಕ್ಕೆ ಏರಲಾಗದೆ ಮೋಡದ ಒಳಗೇ ಕುಲುಕಾಡುತ್ತಾ ಹೋಗಬೇಕು. ಮಳೆಗಾಲದಲ್ಲಿ ಪಶ್ಚಿಮ ಘಟ್ಟ ದಾಟಿದವರು ವಾಂತಿ ಮಾಡಿಕೊಳ್ಳದೆ ಇಳಿದರೆ ಅದೇ ಪುಣ್ಯ.

1957ರ ಅಕ್ಟೋಬರ್‌ನಲ್ಲಿ ವೈಕೌಂಟ್ ಬಂತು. ನಾಲ್ಕು ಡಾರ್ಟ್ ಎಂಜಿನ್ನು, ದೊಡ್ಡ ದೊಡ್ಡ ಮೊಟ್ಟೆಯಾಕಾರದ ಕಿಟಕಿಗಳು, ಮೋಡದ ಮೇಲಿನ ಪ್ರಯಾಣ. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸು ಎಂಬ ನಾಲ್ಕು ಮಹಾನಗರಗಳ ನಡುವಿನ ರಾಜಮಾರ್ಗಗಳಿಗೆ ಅದನ್ನೇ ಹಾಕಿದರು. ಹೊಸ ವಿಮಾನ ಬಂದಾಗ ಕಂಪನಿಗೂ ಉತ್ಸಾಹ, ಜಾಹೀರಾತಿಗೂ ಹಣ. ವೈಕೌಂಟ್‌ನ ಕಾರ್ಡುಗಳು ಚೆನ್ನಾಗಿಯೇ ಬಂದವು. ಹಿಂಬದಿಯಲ್ಲಿ ನೀಲಿ ಆಕಾಶ, ಬಣ್ಣ ತಿದ್ದಿ ತಿದ್ದಿ ಹತ್ತಿಯಂತೆ ಮಾಡಿದ ಬಿಳಿ ಮೋಡ. ಅಂಥ ಮೋಡ ಮದರಾಸಿನಲ್ಲಿ ಯಾವ ತಿಂಗಳಲ್ಲಿ ಬರುತ್ತದೋ ಆ ಮುದ್ರಕರೇ ಹೇಳಬೇಕು.

1961ರಲ್ಲಿ ಹಾಲೆಂಡಿನ ಫಾಕರ್ ಫ್ರೆಂಡ್‌ಶಿಪ್ ಬಂತು. ಎರಡೇ ಎಂಜಿನ್ನು, ರೆಕ್ಕೆ ಮಾತ್ರ ಬೆನ್ನಿನ ಮೇಲೆ. ಕೊಡೆ ಹಿಡಿದ ಹಾಗೆ ರೆಕ್ಕೆ ಮೇಲಿರುವುದರಿಂದ ಯಾವ ಕಿಟಕಿಯಲ್ಲಿ ಕೂತರೂ ಕೆಳಗಿನ ಊರು, ಕೆರೆ, ರಸ್ತೆ ಎಲ್ಲ ಕಾಣುತ್ತಿತ್ತು. 1971ರ ಜನವರಿ 30ರಂದು ಶ್ರೀನಗರದಿಂದ ಹೊರಟು ಅಪಹರಣಕ್ಕೊಳಗಾಗಿ ಲಾಹೋರಿನಲ್ಲಿ ಸುಟ್ಟುಹೋದ 'ಗಂಗಾ' ಒಂದು ಫ್ರೆಂಡ್‌ಶಿಪ್ ವಿಮಾನವೇ. ಆ ಘಟನೆಯ ನಂತರ ಭಾರತ ತನ್ನ ಆಕಾಶದಲ್ಲಿ ಪಾಕಿಸ್ತಾನದ ವಿಮಾನಗಳು ಹಾರದಂತೆ ನಿಷೇಧಿಸಿತು. ಆ ವರ್ಷದ ಕೊನೆಗೆ ಯುದ್ಧವೂ ಆಯಿತು. ನಲವತ್ತು ಚಿಲ್ಲರೆ ಸೀಟಿನ ಒಂದು ಸಾಧಾರಣ ವಿಮಾನದ ಹೆಸರು ಇತಿಹಾಸದ ಪುಸ್ತಕದಲ್ಲಿ ಹೀಗೆ ಸೇರಿಕೊಂಡಿತು.

ಈಗ ಆವ್ರೊ ವಿಷಯಕ್ಕೆ ಬರೋಣ.

ಡಕೋಟಾದ ಜಾಗ ತುಂಬಲು ಇಂಗ್ಲೆಂಡಿನಲ್ಲಿ ರೂಪಿಸಿದ ವಿಮಾನ ಇದು. ಮೊದಲ ಬಾರಿ ಹಾರಿದ್ದು 1960ರ ಜೂನ್ 24ರಂದು. ಅದು ಹಾರುವ ಮೊದಲೇ, 1959ರಲ್ಲೇ, ನಮ್ಮ ಸರ್ಕಾರ ಅದನ್ನು ಇಲ್ಲೇ ಕಟ್ಟುವ ಒಪ್ಪಂದ ಮಾಡಿಕೊಂಡಿತ್ತು. ಆಗ ರಕ್ಷಣಾ ಮಂತ್ರಿ ವಿ. ಕೆ. ಕೃಷ್ಣ ಮೆನನ್. ಕೆಲಸ ವಹಿಸಿದ್ದು ಕಾನ್ಪುರದ ವಾಯುಪಡೆಯ ಡಿಪೊಗೆ, ಅದರ ಹೊಣೆ ಹೊತ್ತವರು ಹರ್‌ಜಿಂದರ್ ಸಿಂಗ್. ಕಾನ್ಪುರದಲ್ಲಿ ಜೋಡಿಸಿದ ಮೊದಲ ಆವ್ರೊ 1961ರ ನವೆಂಬರ್ 1ರಂದು ಹಾರಿತು. ಸುಮಾರು ಒಂದು ವರ್ಷದ ಹಿಂದೆ, 1960ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ತೀರಿಕೊಂಡಿದ್ದ ವಾಯುಪಡೆಯ ಮುಖ್ಯಸ್ಥ ಸುಬ್ರತೊ ಮುಖರ್ಜಿಯವರ ನೆನಪಿಗೆ ಅದಕ್ಕೆ 'ಸುಬ್ರತೊ' ಎಂದು ಹೆಸರಿಟ್ಟರು. 1964ರಲ್ಲಿ ಈ ಕಾರ್ಖಾನೆ ನಮ್ಮ ಬೆಂಗಳೂರಿನ ಎಚ್‌ಎಎಲ್ ಕೈಸೇರಿತು. ವಾಯುಪಡೆಗೂ ಇಂಡಿಯನ್ ಏರ್‌ಲೈನ್ಸ್‌ಗೂ ಸೇರಿ ಒಟ್ಟು 89 ವಿಮಾನಗಳು ಅಲ್ಲಿ ತಯಾರಾದವು. ಅಂದರೆ ಭಾರತದಲ್ಲೇ ಕಟ್ಟಿ, ಭಾರತದ ಜನಸಾಮಾನ್ಯರು ಟಿಕೆಟ್ ಕೊಂಡು ಕೂತ, ನಲವತ್ತಕ್ಕೂ ಹೆಚ್ಚು ಸೀಟಿನ ವಿಮಾನ ಇದು. ಇಷ್ಟು ದೊಡ್ಡ ಸಂಗತಿಗೆ ಸಿಕ್ಕ ಪ್ರಚಾರ ಮಾತ್ರ ಅಷ್ಟಕ್ಕಷ್ಟೇ.

ಇಂಡಿಯನ್ ಏರ್‌ಲೈನ್ಸ್‌ಗೆ ಆವ್ರೊ ಬಂದದ್ದು 1967ರಲ್ಲಿ. ಕಾಲ ನೋಡಿ. 1964ರಲ್ಲೇ ಕ್ಯಾರವೆಲ್ ಜೆಟ್ ಬಂದಾಗಿತ್ತು. 1970ರ ಕೊನೆಗೆ ಬೋಯಿಂಗ್ 737 ಬರಲಿತ್ತು. ಜೆಟ್ ಎಂಬ ಶಬ್ದಕ್ಕೆ ಜನ ಮರುಳಾಗಿದ್ದ ಹೊತ್ತಿನಲ್ಲಿ ಪ್ರೊಪೆಲರ್ ತಿರುಗಿಸಿಕೊಂಡು ಬಂದ ವಿಮಾನಕ್ಕೆ ಯಾರು ಆರತಿ ಎತ್ತುತ್ತಾರೆ? ಮನೆಗೆ ಹೊಸ ಸೊಸೆ ಬಂದ ಮೇಲೆ ಹಳೆಯ ಸೊಸೆಯ ಅಡಿಗೆಯನ್ನು ಯಾರೂ ಹೊಗಳುವುದಿಲ್ಲ. ಅನ್ನ ಮಾತ್ರ ಅವಳೇ ಬಸಿಯಬೇಕು. ಆವ್ರೊ ಹಾಗೆ ದುಡಿಯಿತು. ಅದನ್ನು ಓಡಿಸಿದವರಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಪೈಲಟ್ ಆಗಿದ್ದ ರಾಜೀವ್ ಗಾಂಧಿಯವರೂ ಒಬ್ಬರು.

ದಕ್ಷಿಣದಲ್ಲಿ ಅದರ ದುಡಿಮೆ ಎಷ್ಟು ಕಷ್ಟದ್ದೆಂದು ತಿಳಿಯಲು ಎರಡು ಹೆಸರು ಸಾಕು. 1971ರ ಡಿಸೆಂಬರ್ 9ರಂದು, ಯುದ್ಧ ನಡೆಯುತ್ತಿದ್ದ ದಿನಗಳಲ್ಲೇ, ತಿರುವನಂತಪುರದಿಂದ ಮಧುರೈಗೆ ಬರುತ್ತಿದ್ದ ಆವ್ರೊ ಚಿನ್ನಮನೂರಿನ ಬಳಿ ಬೆಟ್ಟಕ್ಕೆ ಅಪ್ಪಳಿಸಿ 21 ಮಂದಿ ತೀರಿಕೊಂಡರು. ಇನ್ನೊಂದು ನಮ್ಮ ಮಂಗಳೂರು. ಬಜಪೆ ನಿಲ್ದಾಣ 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಡಕೋಟಾದಲ್ಲಿ ಬಂದಿಳಿಯುವ ಮೂಲಕ ಶುರುವಾದದ್ದು. ಗುಡ್ಡದ ನೆತ್ತಿ ಸಮ ಮಾಡಿ ಹಾಕಿದ ರನ್‌ವೇ, ಅದರ ಉದ್ದ 5,783 ಅಡಿ. ಆಚೆ ಈಚೆ ಕಣಿವೆ, ಮೇಲಿಂದ ಕರಾವಳಿಯ ಮಳೆ. 1981ರ ಆಗಸ್ಟ್ 19ರಂದು ಮಳೆಯಲ್ಲಿ ನೆಂದಿದ್ದ ಆ ರನ್‌ವೇಯಲ್ಲಿ ಇಳಿದ ಆವ್ರೊ ಜಾರಿ ಅಂಚು ದಾಟಿ ನಿಂತಿತು. ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ಒಳಗಿದ್ದವರಲ್ಲಿ ಆಗ ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದ ವೀರಪ್ಪ ಮೊಯಿಲಿಯವರೂ ಇದ್ದರು. ವಿಮಾನ ಮಾತ್ರ ಮತ್ತೆ ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ.

ಈ ಎರಡು ವಿಮಾನಗಳ ನೋಂದಣಿ ಅಕ್ಷರಗಳನ್ನು ಬರೆದಿಟ್ಟುಕೊಳ್ಳಿ. ಚಿನ್ನಮನೂರಿನದು ವಿಟಿ-ಡಿಎಕ್ಸ್‌ಜಿ, ಬಜಪೆಯದು ವಿಟಿ-ಡಿಎಕ್ಸ್‌ಎಫ್. ಅಕ್ಷರಮಾಲೆಯಲ್ಲಿ ಅಕ್ಕಪಕ್ಕದವು. ಭಾರತದ ವಿಮಾನಗಳೆಲ್ಲ 'ವಿಟಿ' ಎಂದು ಶುರುವಾಗುತ್ತವೆ, ಮುಂದಿನ ಮೂರಕ್ಷರ ಆಯಾ ವಿಮಾನದ್ದು. ಕಾರ್ಡು ಕೈಗೆ ಬಂದ ಕೂಡಲೇ ನಾನು ಭೂತಗನ್ನಡಿ ಹಿಡಿದು ಮೊದಲು ಹುಡುಕುವುದು ಈ ಮೂರಕ್ಷರವನ್ನು. ಚಿತ್ರದಲ್ಲಿ ಹೊಳೆಯುತ್ತಾ ನಿಂತಿರುವ ವಿಮಾನ ಮುಂದೆ ಯಾವ ಬೆಟ್ಟಕ್ಕೆ ಹೋಯಿತು, ಯಾವ ಊರಿನಲ್ಲಿ ಕೊನೆಯಾಯಿತು ಎಂಬುದನ್ನು ಆ ಅಕ್ಷರಗಳಿಂದ ಪತ್ತೆ ಹಚ್ಚಬಹುದು. ಫೋಟೊ ತೆಗೆಸಿಕೊಂಡ ದಿನ ಅದಕ್ಕೇನು ಗೊತ್ತು ಪಾಪ.

ಆದರೆ ಇದರಲ್ಲೊಂದು ತೊಡಕಿದೆ. ಜಾಹೀರಾತಿಗೆ ಮುದ್ರಿಸುವಾಗ ಕೆಲವೊಮ್ಮೆ ಆ ಅಕ್ಷರಗಳನ್ನೇ ಬಣ್ಣ ಬಳಿದು ಅಳಿಸಿಬಿಡುತ್ತಿದ್ದರು. ಆಗ ಬೇರೆ ಗುರುತು ಹಿಡಿಯಬೇಕು. ಮೂರು ವಿಮಾನಗಳನ್ನು ಬೇರ್ಪಡಿಸುವುದು ಸುಲಭ: ನಾಲ್ಕು ಎಂಜಿನ್ನಿದ್ದರೆ ವೈಕೌಂಟ್, ಎರಡಿದ್ದು ರೆಕ್ಕೆ ಮೇಲಿದ್ದರೆ ಫ್ರೆಂಡ್‌ಶಿಪ್, ಎರಡಿದ್ದು ರೆಕ್ಕೆ ಹೊಟ್ಟೆಯ ಕೆಳಗಿದ್ದು, ಎಂಜಿನ್ನು ರೆಕ್ಕೆಯ ಮೇಲೆ ಗೂನುಬೆನ್ನಿನ ಹಾಗೆ ಉಬ್ಬಿದ್ದರೆ ಆವ್ರೊ. ಕಾಲ ನಿರ್ಣಯಿಸುವುದು ಸ್ವಲ್ಪ ಕಷ್ಟ. ಕಾರ್ಡಿನ ಮೇಲೆ 'ಆವ್ರೊ 748' ಎಂದಿದ್ದರೆ ಹಳೆಯ ಕಾಲದ್ದಿರಬಹುದು. ಇಂಗ್ಲೆಂಡಿನಲ್ಲಿ 1963ರ ಸುಮಾರಿಗೆ ಆವ್ರೊ ಎಂಬ ಹೆಸರು ಕೈಬಿಟ್ಟು ಮಾತೃಸಂಸ್ಥೆಯಾದ ಹಾಕರ್ ಸಿಡ್ಲಿಯ ಹೆಸರು ಬಳಸತೊಡಗಿದರು, ಹಾಗಾಗಿ ಆಮೇಲಿನವುಗಳಲ್ಲಿ 'ಎಚ್‌ಎಸ್ 748' ಎಂದಿರುತ್ತದೆ. ನಮ್ಮ ಜನ ಮಾತ್ರ ಕೊನೆಯವರೆಗೂ ಆವ್ರೊ ಅಂತಲೇ ಕರೆದರು. ಬಾಲದ ಮೇಲಿನ ಲಾಂಛನವೂ ಒಂದು ಸಾಕ್ಷಿ. ಇಂಡಿಯನ್ ಏರ್‌ಲೈನ್ಸ್‌ನ ಕಿತ್ತಳೆ ಬಣ್ಣದ ಆ ಪ್ರಸಿದ್ಧ ಗುರುತನ್ನು ರೂಪಿಸಿದವರು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆನೊಯ್ ಸರ್ಕಾರ್. 'ಕಾರ್ಪೊರೇಷನ್' ಎಂಬ ಪದದೊಂದಿಗೆ ಹಳೆಯ ಲಾಂಛನ ಕಂಡರೆ ಇನ್ನೂ ಹಿಂದಿನದು. ನಿಲ್ದಾಣದ ಕಾರ್ಡಾದರೆ ಅಡಿಬರಹದಲ್ಲಿ 'ಮದ್ರಾಸ್' ಎಂದೇ ಇರುತ್ತದೆ. ಚೆನ್ನೈ ಎಂಬ ಹೆಸರು ಅಧಿಕೃತವಾದದ್ದು 1996ರಲ್ಲಿ. ಅಂದ ಹಾಗೆ, ನಿಮ್ಮ ಲಗೇಜಿಗೆ ಕಟ್ಟುವ ಚೀಟಿಯಲ್ಲಿ ಈಗಲೂ 'ಎಂಎಎ' ಎಂದೇ ಬರುತ್ತದೆ, ಗಮನಿಸಿದ್ದೀರಾ?

ಈ ಕಾರ್ಡುಗಳನ್ನು ಅಚ್ಚು ಹಾಕಿಸುತ್ತಿದ್ದವರು ಬೇರೆ ಬೇರೆ. ವಿಮಾನ ಕಂಪನಿ ಪ್ರಯಾಣಿಕರಿಗೆ ಉಚಿತವಾಗಿ ಕೊಡುತ್ತಿದ್ದವು ಒಂದು ಬಗೆ. ಲಕೋಟೆ, ಬರೆಯುವ ಹಾಳೆಗಳ ಜೊತೆಗೆ ಇಟ್ಟಿರುತ್ತಿದ್ದರು. ವಿಮಾನ ತಯಾರಿಸಿದವರು ಗಿರಾಕಿಗಳಿಗೆ ಹಂಚುತ್ತಿದ್ದವು ಇನ್ನೊಂದು ಬಗೆ. ನಿಲ್ದಾಣದ ಅಂಗಡಿಗಳಲ್ಲಿ ಮಾರುತ್ತಿದ್ದವು ಮತ್ತೊಂದು. ಅವುಗಳಲ್ಲಿ ಕಟ್ಟಡ ಮುಖ್ಯ, ವಿಮಾನ ಮೂಲೆಯಲ್ಲಿ. ನನಗೆ ಈ ಮೂರನೆಯವೇ ಇಷ್ಟ. ಏಕೆಂದರೆ ಯಾರೂ ಮೋಡ ತಿದ್ದಿರುವುದಿಲ್ಲ. ಏಣಿ ತಳ್ಳುವವರು, ಬಿಸಿಲಿಗೆ ಸೆರಗು ಮುಚ್ಚಿಕೊಂಡ ಹೆಂಗಸು, ಬೇಲಿಯಾಚೆ ನಿಂತು ಕೈಬೀಸುತ್ತಿರುವ ನೆಂಟರು, ಎಲ್ಲ ಇರುತ್ತಾರೆ. ಆಮೇಲೆ ವಿದೇಶದ ಹವ್ಯಾಸಿಗಳು ತಮ್ಮ ಸ್ಲೈಡುಗಳಿಂದ ಅಚ್ಚು ಹಾಕಿಸಿದವು ನಾಲ್ಕನೆಯ ಬಗೆ. ಚಿತ್ರ ಸ್ಫುಟವಾಗಿರುತ್ತದೆ, ಆದರೆ ಅವು ಸಂಗ್ರಹಕಾರರಿಗೆಂದೇ ಹುಟ್ಟಿದವು. ಯಾರೂ ಅದರ ಮೇಲೆ 'ಸುಖವಾಗಿ ತಲುಪಿದೆ' ಎಂದು ಬರೆದಿರುವುದಿಲ್ಲ.

ನನ್ನ ಅನುಭವದಲ್ಲಿ ವೈಕೌಂಟ್ ಕಾರ್ಡು ಹತ್ತು ಸಿಕ್ಕರೆ ಆವ್ರೊ ಒಂದು ಸಿಗುತ್ತದೆ. ಕಾರಣ ಆಗಲೇ ಹೇಳಿದೆ. ಜೆಟ್ ಬಂದ ಮೇಲೆ ಕಂಪನಿಗೆ ತೋರಿಸಿಕೊಳ್ಳಬೇಕಾಗಿದ್ದದ್ದು ಜೆಟ್ಟನ್ನು. ಅಂಚೆ ಇಲಾಖೆಯೂ ಅದನ್ನೇ ಮಾಡಿತು. 1979ರ ಅಕ್ಟೋಬರ್‌ನಲ್ಲಿ ಟಪಾಲು ಸಾಗಿಸುವ ವಿಮಾನಗಳ ಬಗ್ಗೆ ನಾಲ್ಕು ಅಂಚೆಚೀಟಿ ಹೊರಡಿಸಿದರು: ಪುಸ್ ಮಾತ್, ಚೇತಕ್ ಹೆಲಿಕಾಪ್ಟರ್, ಬೋಯಿಂಗ್ 737, ಬೋಯಿಂಗ್ 747. 1932ರಿಂದ ಒಂದೇ ನೆಗೆತಕ್ಕೆ ಜೆಟ್ ಯುಗ! ನಡುವೆ ಇಪ್ಪತ್ತು ವರ್ಷ ಟಪಾಲು ಚೀಲ ಹೊತ್ತು ತಿರುಗಿದ ಡಾರ್ಟ್ ಎಂಜಿನ್ನಿನ ಮೂವರಲ್ಲಿ ಒಬ್ಬರಿಗೂ ಆ ಸಾಲಿನಲ್ಲಿ ಜಾಗ ಸಿಗಲಿಲ್ಲ. ಇದು ನನಗೆ ಅನ್ಯಾಯವೆಂದೇ ಅನಿಸುತ್ತದೆ. ನಮ್ಮ ದೇಶದಲ್ಲಿ 1949ರಿಂದಲೇ ಮೊದಲ ದರ್ಜೆಯ ಟಪಾಲನ್ನು ಹೆಚ್ಚಿನ ದರವಿಲ್ಲದೆ ವಿಮಾನದಲ್ಲಿ ಸಾಗಿಸುವ ಪದ್ಧತಿ ಬಂದಿತ್ತು. ರಾತ್ರಿ ವಿಮಾನಗಳು ಮದರಾಸು, ಮುಂಬಯಿ, ದೆಹಲಿ, ಕಲ್ಕತ್ತಗಳಿಂದ ಹೊರಟು ನಾಗಪುರದಲ್ಲಿ ಸೇರಿ, ಚೀಲ ಬದಲಿಸಿಕೊಂಡು ಬೆಳಗಾಗುವುದರೊಳಗೆ ಹಿಂತಿರುಗುತ್ತಿದ್ದವು. ಮೈಲಾಪುರದಲ್ಲಿ ಸಂಜೆ ಡಬ್ಬಕ್ಕೆ ಹಾಕಿದ ಕಾಗದ ಆಕಾಶದಲ್ಲಿ ಹಾರುತ್ತಿದೆ ಎಂಬುದು ಬರೆದವರಿಗೆ ನೆನಪೂ ಇರುತ್ತಿರಲಿಲ್ಲ.

ಚಿತ್ರಕಾರ್ಡಿಗೆ ನಿಜವಾದ ಶತ್ರು ಗೆದ್ದಲು ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ನನ್ನ ಲೆಕ್ಕದಲ್ಲಿ ಅದು ಅಂಚೆಚೀಟಿ ಸಂಗ್ರಹಿಸುವ ಹುಡುಗರು! ಮನೆಗೆ ಬಂದ ಕಾರ್ಡಿನಿಂದ ಚೀಟಿ ಇರುವ ಮೂಲೆಯನ್ನು ಕತ್ತರಿಸಿ ನೀರಿನ ತಟ್ಟೆಗೆ ಹಾಕುತ್ತಿದ್ದರು. ಚೀಟಿ ಆಲ್ಬಮ್ಮಿಗೆ ಹೋಯಿತು, ಉಳಿದದ್ದು ಒಲೆಗೆ. ಚೀಟಿಯ ಜೊತೆಗೆ ಮುದ್ರೆ ಹೋಯಿತು, ಮುದ್ರೆಯ ಜೊತೆಗೆ ತಾರೀಖು ಹೋಯಿತು, ಊರಿನ ಹೆಸರೂ ಹೋಯಿತು. ಮೂಲೆ ಕತ್ತರಿಸಿದ ಎಷ್ಟು ವಿಮಾನಗಳು ನನ್ನ ಬಳಿ ಇವೆಯೋ! ರೆಕ್ಕೆ ಮುರಿದ ಹಕ್ಕಿಗಳಂತೆ ಅವನ್ನು ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ.

ಏಕೆಂದರೆ ಕಾರ್ಡಿನ ಬೆಲೆ ಇರುವುದು ಹಿಂಬದಿಯಲ್ಲಿ. ವ್ಯಾಪಾರಿಗಳು ಹೀಗೆ ಹೇಳುವುದಿಲ್ಲ. ಬರೆಯದ, ಕಲೆಯಾಗದ, ಮೂಲೆ ಮಡಿಸದ ಕಾರ್ಡಿಗೇ ಅವರು ಹೆಚ್ಚು ಕೇಳುತ್ತಾರೆ. ಕೇಳಲಿ. ನನ್ನ ಬಳಿ ಒಂದು ಆವ್ರೊ ಕಾರ್ಡಿದೆ, ಬಣ್ಣ ಮಾಸಿದೆ, ನಡುವೆ ಮಡಿಕೆ ಬಿದ್ದಿದೆ. ಕುಂದಾಪುರದ ಕಡೆಯ ತಾಯಿಗೆ ಮದರಾಸಿನಲ್ಲಿ ಹೋಟೆಲಿನ ಲೆಕ್ಕ ಬರೆಯುತ್ತಿದ್ದ ಮಗ ಕನ್ನಡದಲ್ಲಿ ಬರೆದದ್ದು. ಮಾಲೀಕರ ಕೆಲಸದ ಮೇಲೆ ಮೊದಲ ಬಾರಿ ವಿಮಾನ ಹತ್ತಿದನಂತೆ. ತನ್ನ ಸೀಟಿನ ಕಿಟಕಿಗೆ ರೆಕ್ಕೆ ಅಡ್ಡ ಬಂದು ಸಮುದ್ರ ಕಾಣಲಿಲ್ಲವಂತೆ. ಮಳೆಗೆ ಬಜಪೆಯ ಮೇಲೆ ಎರಡು ಸುತ್ತು ಹಾಕಿ ಇಳಿಸಿದರಂತೆ. ಕೊನೆಗೆ, ಟಿಕೆಟ್ಟಿನ ದುಡ್ಡು ತನ್ನ ಕೈಯಿಂದ ಹೋಗಿಲ್ಲ, ಅಮ್ಮ ಗಾಬರಿಯಾಗಬಾರದು ಎಂದಿದ್ದಾನೆ. ರನ್‌ವೇ ಎಷ್ಟು ಅಡಿ, ಎಂಜಿನ್ನು ಯಾವುದು ಎಂಬುದೆಲ್ಲ ಪುಸ್ತಕದಲ್ಲಿ ಸಿಗುತ್ತದೆ. ರೆಕ್ಕೆ ಕೆಳಗಿರುವ ಆವ್ರೊದಲ್ಲಿ ನಡುವಿನ ಸೀಟು ಸಿಕ್ಕಿದ ಒಬ್ಬ ಗುಮಾಸ್ತನಿಗೆ ಸಮುದ್ರ ಕಾಣಲಿಲ್ಲ ಎಂಬುದು ಬೇರೆಲ್ಲಿ ಸಿಗಬೇಕು?

ಆ ಕಾಲದಲ್ಲಿ ಮದರಾಸಿನ ಕನ್ನಡಿಗರಲ್ಲಿ ವಿಮಾನ ಹತ್ತುತ್ತಿದ್ದವರು ಹೋಟೆಲ್ ಮಾಲೀಕರು, ಸಿನಿಮಾದವರು, ಬ್ಯಾಂಕಿನ ಮೇಲಧಿಕಾರಿಗಳು, ಡಾಕ್ಟರುಗಳು. ಕನ್ನಡ ಚಿತ್ರಗಳು ಬಹುಪಾಲು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ದಿನಗಳು ಅವು. ಉಳಿದವರಿಗೆಲ್ಲ ಬೆಂಗಳೂರು ಮೇಲ್ ಇತ್ತು, ರಾತ್ರಿ ಹತ್ತಿದರೆ ಬೆಳಿಗ್ಗೆ ಊರು. ವಿಮಾನ ಹತ್ತದವರ ಮನೆಯಲ್ಲೂ ವಿಮಾನದ ಕಾರ್ಡು ಇರುತ್ತಿತ್ತು ಎಂಬುದೇ ವಿಶೇಷ. ಹತ್ತಿದವರು ತಂದು ಮಕ್ಕಳಿಗೆ ಕೊಡುತ್ತಿದ್ದರು. ಮಕ್ಕಳು ಅದನ್ನು ಗೋಡೆಗೆ ಅನ್ನದ ಅಂಟಿನಿಂದ ಅಂಟಿಸುತ್ತಿದ್ದರು.

ಇಲ್ಲಿ ಕಾರ್ಡು ಸಿಗುವ ಜಾಗಗಳ ಬಗ್ಗೆಯೂ ಹೇಳಬೇಕಲ್ಲ. ಸೆಂಟ್ರಲ್ ಸ್ಟೇಷನ್ನಿನ ಪಕ್ಕದ ಮೂರ್ ಮಾರ್ಕೆಟ್ ಹಳೆಯ ಪುಸ್ತಕ, ಕಾಗದ ಪತ್ರಗಳ ಗಣಿಯಾಗಿತ್ತು. 1985ರ ಮೇ ತಿಂಗಳಲ್ಲಿ ಅದು ಸುಟ್ಟುಹೋಯಿತು. ಅಂದು ಎಷ್ಟು ಕಾಗದ ಬೂದಿಯಾಯಿತೋ ಲೆಕ್ಕವಿಟ್ಟವರಿಲ್ಲ. ಆಮೇಲೆ ತಿರುವಲ್ಲಿಕ್ಕೇಣಿಯ ಪೈಕ್ರಾಫ್ಟ್ಸ್ ರೋಡಿನ ಫುಟ್‌ಪಾತು, ಹಳೆಯ ಮನೆ ಕೆಡವುವಾಗ ಬರುವ ರದ್ದಿ ಗಾಡಿ, ಇವೇ ಗತಿ. 1956ರಲ್ಲಿ ಶುರುವಾದ ಸೌತ್ ಇಂಡಿಯಾ ಫಿಲಾಟೆಲಿಸ್ಟ್ಸ್ ಅಸೋಸಿಯೇಷನ್ ಈ ನಗರದ ಹೆಮ್ಮೆ. ಚೀಟಿ ಸಂಗ್ರಹಕಾರರನ್ನು ಮೇಲೆ ಬೈದೆನಲ್ಲ, ಅವರಲ್ಲಿ ತಿಳಿದವರು ಚೀಟಿಯನ್ನು ಕಾರ್ಡಿನ ಮೇಲೆಯೇ ಉಳಿಸುವವರು ಎಂಬುದನ್ನೂ ಹೇಳಬೇಕು.

2015ರ ಡಿಸೆಂಬರ್ ಮಳೆ ಈ ಹವ್ಯಾಸಕ್ಕೆ ಕೊಟ್ಟ ಪೆಟ್ಟು ದೊಡ್ಡದು. ಅಡಯಾರ್ ನದಿ ಉಕ್ಕಿ ಕೊಟ್ಟೂರ್‌ಪುರಂ, ಸೈದಾಪೇಟೆ, ಜಾಫರ್‌ಖಾನ್‌ಪೇಟೆಯ ಮನೆಗಳಿಗೆ ನುಗ್ಗಿತು. ವಿಮಾನ ನಿಲ್ದಾಣವೇ ನೀರಿನಲ್ಲಿ ನಿಂತು ಹಲವು ದಿನ ಮುಚ್ಚಿತ್ತು. ನೆಲಮಹಡಿಯ ಬೀರುವಿನ ಕೆಳಖಾನೆಯಲ್ಲಿದ್ದ ಆಲ್ಬಮ್ಮುಗಳು ಇಟ್ಟಿಗೆಯಂತಾದವು. ಹೊಳಪು ಮುಖದ ಕಾರ್ಡುಗಳು ನೆಂದು ಒಣಗಿದರೆ ಒಂದಕ್ಕೊಂದು ಹಿಡಿದು ಬಿಡುತ್ತವೆ. ಬಿಡಿಸಲು ಹೋದರೆ ಚಿತ್ರವೇ ಎದ್ದು ಬರುತ್ತದೆ. ನೆಂದ ಕಾರ್ಡು ಸಿಕ್ಕರೆ ಒಣಗುವ ಮೊದಲೇ, ಶುದ್ಧ ನೀರಿನಲ್ಲಿಟ್ಟು ಒಂದೊಂದಾಗಿ ಬಿಡಿಸಿ, ಮುಖ ಮೇಲೆ ಮಾಡಿ ನೆರಳಿನಲ್ಲಿ ಹರಡಬೇಕು. ಶಾಯಿಯಲ್ಲಿ ಬರೆದದ್ದಾದರೆ ನೀರಿಗೆ ಹಾಕಬೇಡಿ, ಅಕ್ಷರ ಕರಗುತ್ತದೆ. ಇನ್ನು ಅಗ್ಗದ ಪ್ಲಾಸ್ಟಿಕ್ ಆಲ್ಬಮ್ಮು ಚೆನ್ನೈ ಸೆಕೆಗೆ ಬೆವರಿ ಅಂಟಾಗುತ್ತದೆ. ಹಳೆಯ ಮದುವೆ ಪತ್ರಿಕೆಯ ದಪ್ಪ ಲಕೋಟೆಯಾದರೂ ಅದಕ್ಕಿಂತ ವಾಸಿ. ಬೀರುವಿನ ಮೇಲಿನ ಖಾನೆಯಲ್ಲಿಡಿ, ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ಗಾಳಿಯಾಡಿಸಿ.

ಚಿತ್ರಕಾರ್ಡಿಲ್ಲದ ಒಂದು ಆವ್ರೊ ಕಥೆಯನ್ನೂ ಇಲ್ಲಿ ಸೇರಿಸಬೇಕು. ಬೆಂಗಳೂರಿನ ರಕ್ಷಣಾ ಸಂಶೋಧಕರು ಒಂದು ಆವ್ರೊದ ಬೆನ್ನ ಮೇಲೆ ತಟ್ಟೆಯಾಕಾರದ ರೇಡಾರ್ ಗುಮ್ಮಟ ಕೂರಿಸಿ ಪ್ರಯೋಗ ನಡೆಸುತ್ತಿದ್ದರು. 1999ರ ಜನವರಿ 11ರಂದು ಅದು ಚೆನ್ನೈಗೆ ಹತ್ತಿರದ ಅರಕ್ಕೋಣಂನ ನೌಕಾನೆಲೆಯ ಬಳಿ ಬಿದ್ದು ಎಂಟು ಮಂದಿ ತೀರಿಕೊಂಡರು, ವಿಜ್ಞಾನಿಗಳೂ ವಾಯುಪಡೆಯವರೂ. ಆ ಯೋಜನೆಯೂ ಅಲ್ಲಿಗೇ ನಿಂತಿತು. ಇಂಥ ವಿಮಾನಕ್ಕೆ ಯಾರೂ ಬಣ್ಣದ ಕಾರ್ಡು ಅಚ್ಚು ಹಾಕಿಸುವುದಿಲ್ಲ. ನನ್ನ ಆಲ್ಬಮ್ಮಿನಲ್ಲಿ ಆ ತಾರೀಖಿಗೆ ಒಂದು ಖಾಲಿ ಪುಟ ಬಿಟ್ಟಿದ್ದೇನೆ.

ಮುಂದಿನ ಕಥೆ ಬೇಗ ಹೇಳುತ್ತೇನೆ. 1981ರ ಜನವರಿ 26ರಂದು ಚಿಕ್ಕ ಊರುಗಳಿಗೆಂದು ವಾಯುದೂತ್ ಸಂಸ್ಥೆ ಶುರುವಾಯಿತು. ವಾಯುಪುತ್ರನೂ ರಾಮದೂತನೂ ಸೇರಿದಂಥ ಹೆಸರು, ಕೇಳಿದರೆ ನಮ್ಮ ಕಡೆಯವರು ಕೈಮುಗಿಯುತ್ತಿದ್ದರು. ಹಳೆಯ ಫ್ರೆಂಡ್‌ಶಿಪ್ಪು, ಆವ್ರೊಗಳಲ್ಲಿ ಕೆಲವು ಅಲ್ಲಿಗೆ ಹೋದವು. ಕಾನ್ಪುರದಲ್ಲೇ ತಯಾರಾದ ಪುಟ್ಟ ಡಾರ್ನಿಯರ್‌ಗಳೂ ಬಂದವು. 1993ರಲ್ಲಿ ಅದೂ ಇಂಡಿಯನ್ ಏರ್‌ಲೈನ್ಸ್‌ನಲ್ಲಿ ವಿಲೀನವಾಯಿತು. 2003ರ ಆಗಸ್ಟ್‌ನಲ್ಲಿ ನಮ್ಮ ಕ್ಯಾಪ್ಟನ್ ಗೋಪಿನಾಥ್ ಎಟಿಆರ್ ಎಂಬ ಹೊಸ ಕಾಲದ ಟರ್ಬೊಪ್ರಾಪ್‌ನೊಂದಿಗೆ ಏರ್ ಡೆಕ್ಕನ್ ಶುರು ಮಾಡಿದರು. ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಅದರ ಗುರುತು. 2017ರ ಸೆಪ್ಟೆಂಬರ್‌ನಲ್ಲಿ ಎಟಿಆರ್ ಒಂದು ಚೆನ್ನೈ–ಮೈಸೂರು ನಡುವೆ ಹಾರತೊಡಗಿತು, 2019ರ ನವೆಂಬರ್‌ನಲ್ಲಿ ಚೆನ್ನೈಯಿಂದ ಯಾಳ್ಪಾಣಕ್ಕೂ ಹೋಯಿತು. ವಾಯುಪಡೆ ತನ್ನ ಆವ್ರೊಗಳ ಬದಲಿಗೆ 56 ಸಿ-295 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡದ್ದು 2021ರ ಸೆಪ್ಟೆಂಬರ್‌ನಲ್ಲಿ. ಇಂಡಿಯನ್ ಏರ್‌ಲೈನ್ಸ್ 2005ರಲ್ಲಿ 'ಇಂಡಿಯನ್' ಆಯಿತು, 2007ರಲ್ಲಿ ಏರ್ ಇಂಡಿಯಾದೊಂದಿಗೆ ಕೂಡಿಹೋಯಿತು, ಅದೂ 2022ರಲ್ಲಿ ಟಾಟಾ ಕೈಗೆ ಮರಳಿತು. ಪುಸ್ ಮಾತ್ ಹೊರಟ ಮನೆಗೇ.

ಈಗ ಸೀಟಿನ ಚೀಲದಲ್ಲಿ ಕೈಹಾಕಿದರೆ ತಿಂಡಿಯ ಪಟ್ಟಿ ಸಿಗುತ್ತದೆ. ಆದ್ದರಿಂದ ಹಳೆಯವುಗಳದ್ದೇ ಚಿಂತೆ. ನಿಮ್ಮ ಮನೆಯಲ್ಲಿ ಅಂಥ ಕಾರ್ಡು ಇದ್ದರೆ ಚೀಟಿ ಕೀಳಬೇಡಿ, ಮೂಲೆ ಕತ್ತರಿಸಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಯಾರು ಬರೆದದ್ದು, ಯಾರಿಗೆ ಬರೆದದ್ದು ಎಂಬುದನ್ನು ಮನೆಯ ಹಿರಿಯರಿಗೆ ನೆನಪಿರುವಾಗಲೇ ಕೇಳಿ, ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಕಾರ್ಡಿನ ಜೊತೆಗಿಡಿ. ಎರಡೂ ಬದಿಯ ಫೋಟೊ ತೆಗೆದು ಊರಿನಲ್ಲಿರುವ ಮಕ್ಕಳಿಗೊಂದು ಕಳಿಸಿ.

ನಾನಿನ್ನೂ ಒಂದು ಕಾರ್ಡಿಗಾಗಿ ಹುಡುಕುತ್ತಿದ್ದೇನೆ. ಮೀನಂಬಾಕ್ಕಂನ 1954ರ ಹಳೆಯ ಕಟ್ಟಡದ ಮುಂದೆ ಒಂದು ಆವ್ರೊ ನಿಂತಿರಬೇಕು, ಅದರ ಮೂರಕ್ಷರ ಓದುವಂತಿರಬೇಕು, ಹಿಂಬದಿಯಲ್ಲಿ ಕನ್ನಡದಲ್ಲಿ ಎರಡು ಸಾಲಾದರೂ ಇರಬೇಕು. ಮೂಲೆ ಮಡಿಸಿದ್ದರೂ ಪರವಾಗಿಲ್ಲ.